12 ಪಾಯಿಂಟ್ ಮತ್ತು ಒಂದು ಗಂಟೆಯ ಸಾಲಿಸಿಟರ್

ಇಂಗ್ಲೆಂಡಿನಲ್ಲಿ ಲೈಸೆನ್ಸ್ ಮೇಲೆ ತಪ್ಪಿಗೆ ಬೀಳುವ ದಂಡದ ಪಾಯಿಂಟ್ 9 ಇಟ್ಟುಕೊಂಡು ಓಡಾಡುವವರಿಗೆ ಪೊಲೀಸ್ ಲಕೋಟೆಯ ಭಯ ನಾನು ಹೇಳಬೇಕಿಲ್ಲ. ನನ್ನದು ಎಂ4 ಹೆದ್ದಾರಿಯಲ್ಲಿ, ಗಂಟೆಗೆ 50 ಮೈಲಿ ಮಿತಿಯಿದ್ದ ಕಡೆ 58. ಪಾಯಿಂಟ್ ಬದಲಿಗೆ ಕೂರಿಸುವ ಸ್ಪೀಡ್ ಕೋರ್ಸ್ ಆಗಲೇ ಮುಗಿಸಿದ್ದೆ. ಬೇರೆಯವರಾದರೆ 100 ಪೌಂಡ್ ಕಟ್ಟಿ ಕೈತೊಳೆದುಕೊಳ್ಳಬಹುದು. ನನಗೆ 3 ಸೇರಿದರೆ 12. ನೇರ ಮ್ಯಾಜಿಸ್ಟ್ರೇಟ್ ಕೋರ್ಟ್, ಕನಿಷ್ಠ 6 ತಿಂಗಳು ಗಾಡಿ ಬಂದ್. ಅದರಿಂದ ಅಸಾಧಾರಣ ಕಷ್ಟವಾಗುತ್ತೆ ಅಂತ ಕೋರ್ಟಿಗೆ ಒಪ್ಪಿಸಿದರೆ ಮಾತ್ರ ಲೈಸೆನ್ಸ್ ಉಳಿಯಬಹುದು.

"ಸುಮ್ನೆ ಸಾಲಿಸಿಟರ್ ಹಿಡಿ ಮಾರಾಯ" ಅಂದರು ಎಲ್ಲರೂ; ಸಾಲಿಸಿಟರ್ ಅಂದರೆ ಇಲ್ಲಿನ ವಕೀಲ. ಒಂದು ಕಡೆ ಫೋನ್‌ನಲ್ಲೇ 150 ಪೌಂಡ್ ಕೊಟ್ಟು ಕೆಟ್ಟೆ. ಬಂದದ್ದು ಹೆಸರು, ಊರು ತುಂಬಿಸುವ ಒಂದು ಫಾರ್ಮ್, ಅಷ್ಟೇ. ಕೋರ್ಟಿಗೆ ಬರಲು ಇನ್ನೂ 1,500, ಮೇಲೆ ವ್ಯಾಟ್. ಆರು ತಿಂಗಳ ಟ್ಯಾಕ್ಸಿ ಲೆಕ್ಕ ಹಾಕಿದೆ, ಮೂರು ಸಾವಿರ ದಾಟಿತು. ಹಾಗಾದರೆ ಕೊಟ್ಟುಬಿಡುವುದೇ ಲಾಭ ಅಲ್ವಾ? ಗೆಲ್ಲುತ್ತೇವೆ ಅಂತ ಅವರೇ ಬರೆದುಕೊಡುವುದಿಲ್ಲವಲ್ಲ!

ಕೊನೆಗೆ ಬೇರೊಬ್ಬರ ಬಳಿ ಒಂದೇ ಗಂಟೆ ಕೊಂಡೆ, 200ರ ಆಸುಪಾಸು. ನಾನು ಬರೆದ ಎರಡು ಪುಟ ಓದಿ ಆಕೆ ಮೊದಲ ಪುಟದ ಮೇಲೆ ಅಡ್ಡಗೆರೆ ಎಳೆದರು. "ಕೆಲಸ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ತಪ್ಪಿಗೆ ಮನೇಲಿ ಬೇರೆ ಯಾರು ಒದ್ದಾಡ್ತಾರೆ? ಅದನ್ನ ಕಾಗದದಲ್ಲಿ ತೋರಿಸಿ."

ನನ್ನ ಹೆಂಡತಿಗೆ ಫಿಟ್ಸ್ ಇದೆ. ಕೊನೆಯದು ಬಂದು 12 ತಿಂಗಳು ತುಂಬುವವರೆಗೆ ಅವಳು ಸ್ಟೀರಿಂಗ್ ಮುಟ್ಟುವಂತಿಲ್ಲ. ಡಾಕ್ಟರ್ ಪತ್ರ, ಆಫೀಸಿನ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿದೆ. ಒಂದು ಮಂಗಳವಾರ ಕಾರು ಬಿಟ್ಟು ಅವಳನ್ನು ಬಸ್ಸಿನಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ಎರಡು ಬಸ್ಸು, ನಡುವೆ ಮಳೆಯಲ್ಲಿ ನಡಿಗೆ, ಹೋಗಲಿಕ್ಕೇ ಎರಡು ಗಂಟೆ ಚಿಲ್ಲರೆ. ಟಿಕೆಟ್‌ಗಳನ್ನು ಹಾಳೆಗೆ ಅಂಟಿಸಿದೆ. ಬಾಡಿಗೆಗೆ ಎಲೆಕ್ಟ್ರಿಕ್ ಸೈಕಲ್ಲೂ ತಂದು ನೋಡಿದೆ. ಮೂರನೇ ದಿನ ಮೊಣಕಾಲು ಕೈಕೊಟ್ಟಿತು, 60 ಪೌಂಡ್ ನೀರಿಗೆ. ಅದು ಫೈಲಿಗೂ ಬರಲಿಲ್ಲ.

ಕೋರ್ಟಿನಲ್ಲಿ ಪ್ರಮಾಣಕ್ಕೆ ಭಗವದ್ಗೀತೆ ಕೇಳಿದೆ, ಇತ್ತು. ಎದುರಿಗೆ ಮೂವರು ಮ್ಯಾಜಿಸ್ಟ್ರೇಟರು. ನಡುವೆ ಕೂತಿದ್ದವರು ಕನ್ನಡಕ ಕೆಳಗಿಳಿಸಿ ಕೇಳಿದರು: "ನಾಲ್ಕು ಸಲವೂ ಹೆಂಡತಿಗಾಗಿಯೇ ಅವಸರವಿತ್ತಾ?" ಇಲ್ಲ, ನನ್ನ ಬೇಜವಾಬ್ದಾರಿ ಅಂದೆ. ಆಮೇಲೆ ಟಿಕೆಟ್ ಹಾಳೆ ಕೈಯಿಂದ ಕೈಗೆ ಹೋಯಿತು. ಅದಕ್ಕೂ ಮೊದಲು ನಾನು ಹೇಳಿದ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಹೇಳಿದರೆ ಬೆಲೆ ಹೋಗುತ್ತೆ.

ಅವರು ಒಳಗೆ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ಬಂದರು. ಲೈಸೆನ್ಸ್ ಉಳಿಯಿತು! ದಂಡ, ಸರ್‌ಚಾರ್ಜ್, ಕೋರ್ಟ್ ಖರ್ಚು ಸೇರಿ ಸುಮಾರು 400. "ನೀನೇ ಹೋಗಿ ವಾದ ಮಾಡ್ತೀಯಾ?" ಅಂತ ನಕ್ಕಿದ್ದ ಗೆಳೆಯ ಈಗ ನನ್ನ ಫೈಲ್ ಕೇಳುತ್ತಿದ್ದಾನೆ.

ಕುಡಿದು ಓಡಿಸಿದ ಕೇಸಿಗೆ ಇದು ನಡೆಯುವುದಿಲ್ಲ. ಅಲ್ಲಿ ಕನಿಷ್ಠ 12 ತಿಂಗಳು ಹೋಗುವುದೇ, ಮನೆಕಷ್ಟ ಯಾರೂ ಕೇಳಲ್ಲ. ಅಂಥದಕ್ಕೆ ನಾನಾದರೂ ಪೂರ್ತಿ ದುಡ್ಡು ಕೊಟ್ಟು ಸಾಲಿಸಿಟರ್ ಹಿಡಿಯುತ್ತಿದ್ದೆ.

12 ಪಾಯಿಂಟ್ ಲೈಸೆನ್ಸ್ ಮೇಲೆ ಹಾಗೇ ಇದೆ. ಇದೇ ಕಾರಣವನ್ನು ಮೂರು ವರ್ಷ ಮತ್ತೆ ಹೇಳುವಂತಿಲ್ಲ. 20ರ ರಸ್ತೆಯಲ್ಲಿ ಈಗ ಸೈಕಲ್‌ನವರೂ ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ.