ಅಟ್ಯಾಚ್ಡ್ ಫೈಲ್‌ಗೆ ‘ಎ’ಯೋ ‘ದಿ’ಯೋ? ಪಾಸ್ಟ್ ಪಾರ್ಟಿಸಿಪಲ್ ಜೊತೆ ಆರ್ಟಿಕಲ್ ಬರೆಯುವ ಬಗೆ

ಇಂಗ್ಲಿಷಿನಲ್ಲಿ ಪತ್ರ, ಅರ್ಜಿ ಬರೆಯುವಾಗ ಸೈನ್ಡ್, ರಿಟನ್, ಅಟ್ಯಾಚ್ಡ್‌ನಂಥ ಪಾಸ್ಟ್ ಪಾರ್ಟಿಸಿಪಲ್ (ಕ್ರಿಯಾಪದದ ಮೂರನೆಯ ರೂಪ) ಬಂದರೆ, ಮೊದಲು ಅದರ ನಂತರದ ನಾಮಪದವನ್ನು ನೋಡಿ. ಆರ್ಟಿಕಲ್ (ಎ, ಆ್ಯನ್, ದಿ) ಬೇಕೋ ಬೇಡವೋ ಎನ್ನುವುದು ಆ ನಾಮಪದದ ಮೇಲೆ ನಿಂತಿದೆ. ಕಾಪಿಯನ್ನು ಎಣಿಸಬಹುದು, ಹಾಗಾಗಿ ‘ಎ ಸೈನ್ಡ್ ಕಾಪಿ’. ಇನ್‌ಫರ್ಮೇಶನ್, ಅಡ್ವೈಸ್, ಎಕ್ವಿಪ್‌ಮೆಂಟ್ ಎಣಿಕೆಗೆ ಸಿಗುವುದಿಲ್ಲ. ‘ಎ ಡೀಟೇಲ್ಡ್ ಇನ್‌ಫರ್ಮೇಶನ್’ ಎಂದು ಬರೆಯುವವರು ಬಹಳ. ‘ಡೀಟೇಲ್ಡ್ ಇನ್‌ಫರ್ಮೇಶನ್’ ಅಷ್ಟೇ ಸರಿ. ಒಪ್ಪಿಗೆ ಕೇಳುವಾಗಲೂ ಬರೀ ‘ರಿಟನ್ ಪರ್ಮಿಶನ್’.

ಮೊದಲ ಸಲ ಹೇಳುವಾಗ ‘ಎ ರಿವೈಸ್ಡ್ ಎಸ್ಟಿಮೇಟ್’, ಅದನ್ನೇ ಮತ್ತೆ ಹೇಳುವಾಗ ‘ದಿ ರಿವೈಸ್ಡ್ ಎಸ್ಟಿಮೇಟ್’. ಮೇಲ್ ಜೊತೆಗೇ ಬಂದಿರುವ ಫೈಲ್ ಯಾವುದೆಂದು ಓದುವವರಿಗೆ ಗೊತ್ತು, ಅದಕ್ಕೇ ‘ದಿ ಅಟ್ಯಾಚ್ಡ್ ಫೈಲ್’. ಮೈ, ಯುವರ್ ಇದ್ದಲ್ಲಿ ಆರ್ಟಿಕಲ್‌ಗೆ ಜಾಗವಿಲ್ಲ. ‘ಪ್ಲೀಸ್ ಫೈಂಡ್ ದಿ ಅಟ್ಯಾಚ್ಡ್ ಮೈ ರೆಸ್ಯೂಮೆ’ ತಪ್ಪು. ‘ಐ ಹ್ಯಾವ್ ಅಟ್ಯಾಚ್ಡ್ ಮೈ ರೆಸ್ಯೂಮೆ’ ಎಂದರೆ ನೇರ, ತಪ್ಪಿಗೆ ಆಸ್ಪದವಿಲ್ಲ.

‘ಎ’ ಬೇಕೋ ‘ಆ್ಯನ್’ ಬೇಕೋ ಎನ್ನುವುದು ಮಾತ್ರ ಪಾರ್ಟಿಸಿಪಲ್‌ನ ಮೊದಲ ಸದ್ದು ಸ್ವರವೋ (ಆಗ ‘ಆ್ಯನ್’) ವ್ಯಂಜನವೋ (ಆಗ ‘ಎ’) ಎಂಬುದಕ್ಕೆ ಬಿಟ್ಟದ್ದು: ‘ಎ ಯೂಸ್ಡ್ ಕಾರ್’, ‘ಆ್ಯನ್ ಅನ್‌ಯೂಸ್ಡ್ ಟಿಕೆಟ್’, ‘ಆ್ಯನ್ ಆನರ್ಡ್ ಗೆಸ್ಟ್’. ಇಲ್ಲೊಂದು ಎಚ್ಚರ. ನಮ್ಮ ಬಾಯಲ್ಲಿ ಎಡಿಟೆಡ್ ಎಷ್ಟೋ ಸಲ ‘ಯೆಡಿಟೆಡ್’ ಆಗುತ್ತದೆ. ಆ ಯಕಾರ ಇಂಗ್ಲಿಷಿನದಲ್ಲ. ‘ಆ್ಯನ್ ಎಡಿಟೆಡ್ ಕಾಪಿ’ ಎಂದೇ ಬರೆಯಬೇಕು.

ನಾಮಪದವೇ ಇಲ್ಲದಿದ್ದರೆ? ‘ಹೀ ಈಸ್ ಎ ರಿಟೈರ್ಡ್’, ‘ಶೀ ಈಸ್ ಆ್ಯನ್ ಎಜುಕೇಟೆಡ್’ ಎಂಬ ತಪ್ಪು ಹುಟ್ಟುವುದು ಕನ್ನಡದ ಜಾಯಮಾನದಿಂದ. ‘ಓದಿದ’ಕ್ಕೆ ‘ಅವಳು’ ಸೇರಿದರೆ ‘ಓದಿದವಳು’ ಎಂಬ ಪೂರ್ಣ ನಾಮಪದ ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಸಿಗುವುದಿಲ್ಲ. ‘ಹೀ ಈಸ್ ರಿಟೈರ್ಡ್’ ಎನ್ನಿ, ಇಲ್ಲವೇ ‘ಎ ರಿಟೈರ್ಡ್ ಟೀಚರ್’ ಎಂದು ನಾಮಪದ ಸೇರಿಸಿ.

ಒಂದು ಗುಂಪಿನ ಜನರನ್ನು ಹೇಳುವಾಗ ‘ದಿ’ ಒಂದೇ ಸಾಕು: ದಿ ಇಂಜರ್ಡ್, ದಿ ಅನ್‌ಎಂಪ್ಲಾಯ್ಡ್. ಕ್ರಿಯಾಪದ ಬಹುವಚನವಿರಲಿ, ‘ದಿ ಇಂಜರ್ಡ್ ವರ್’. ಗಾಯಾಳು ಒಬ್ಬರೇ ಆದರೆ ‘ಆ್ಯನ್ ಇಂಜರ್ಡ್ ಪರ್ಸನ್’. ಕೋರ್ಟು ಕಚೇರಿಗಳ ದಿ ಅಕ್ಯೂಸ್ಡ್ (ಆರೋಪಿ), ದಿ ಡಿಸೀಸ್ಡ್ (ಮೃತರು), ದಿ ಅಂಡರ್‌ಸೈನ್ಡ್ (ಕೆಳಗೆ ಸಹಿ ಮಾಡಿದವರು) ಒಬ್ಬರಿಗೂ ಸಲ್ಲುತ್ತವೆ, ಹಲವರಿಗೂ ಸಲ್ಲುತ್ತವೆ. ‘ವಾಸ್’ ಅಥವಾ ‘ವರ್’ ಆಯ್ಕೆ ಜನರ ಸಂಖ್ಯೆಯಂತೆ.

ಪಾರ್ಟಿಸಿಪಲ್ ನಾಮಪದದ ನಂತರ ಬಂದಾಗ ಆರ್ಟಿಕಲ್ ಬಿಟ್ಟೇಹೋಗುವುದು ಹೆಚ್ಚು. ‘ಲೆಟರ್ ರಿಸೀವ್ಡ್ ಫ್ರಮ್ ಬ್ಯಾಂಕ್ ಈಸ್ ಎನ್‌ಕ್ಲೋಸ್ಡ್’ ಎಂಬುದರಲ್ಲಿ ಎರಡು ಆರ್ಟಿಕಲ್ ಕಾಣೆಯಾಗಿವೆ. ‘ದಿ ಲೆಟರ್ ರಿಸೀವ್ಡ್ ಫ್ರಮ್ ದಿ ಬ್ಯಾಂಕ್’ ಎಂದಾಗಬೇಕು. ಬ್ಯಾಂಕಿನಿಂದ ಹಲವು ಪತ್ರ ಬಂದಿದ್ದು, ಅವುಗಳಲ್ಲೊಂದನ್ನು ಮೊದಲ ಸಲ ಹೇಳುತ್ತಿದ್ದರೆ ‘ಎ ಲೆಟರ್ ರಿಸೀವ್ಡ್’ ಎಂದು ಬರೆಯಿರಿ.