ಪರದೇಶದಲ್ಲಿ ಕ್ಯಾಬಿನ್ ಕ್ರೂ ತರಬೇತಿ: ಬೆಂಗಳೂರಿನಿಂದ ಹೊರಡುವವರಿಗೆ ಒಂದು ಕೈಪಿಡಿ

ಕೊಲ್ಲಿ ದೇಶಗಳ ದೊಡ್ಡ ವಿಮಾನ ಸಂಸ್ಥೆಗಳು ತಾವು ಆರಿಸಿಕೊಂಡ ಕ್ಯಾಬಿನ್ ಕ್ರೂಗೆ ತಮ್ಮ ನೆಲೆಯ ಊರಿನಲ್ಲೇ ತರಬೇತಿ ಕೊಡುತ್ತವೆ. ಎಮಿರೇಟ್ಸ್‌ಗೆ ಆಯ್ಕೆಯಾದವರು ದುಬೈಯಲ್ಲಿ, ಕತಾರ್ ಏರ್‌ವೇಸ್‌ಗೆ ಆಯ್ಕೆಯಾದವರು ದೋಹಾದಲ್ಲಿ, ಎತಿಹಾದ್‌ಗೆ ಆಯ್ಕೆಯಾದವರು ಅಬುಧಾಬಿಯಲ್ಲಿ ಒಂದೂವರೆ ಎರಡು ತಿಂಗಳು ಪಾಠ ಕೇಳಿ, ಪರೀಕ್ಷೆ ಬರೆದು, ಪ್ರಾಯೋಗಿಕ ಅಭ್ಯಾಸಗಳಲ್ಲಿ ತೇರ್ಗಡೆಯಾದ ಮೇಲಷ್ಟೇ ಕೆಲಸಕ್ಕೆ ವಿಮಾನ ಹತ್ತುತ್ತಾರೆ. ಈ ಅವಧಿಯಲ್ಲಿ ಒಂದು ಕಡೆ ಬಾಗಿಲು, ಬೆಂಕಿ, ಪ್ರಥಮ ಚಿಕಿತ್ಸೆಗಳ ಕಲಿಕೆ ನಡೆಯುತ್ತಿದ್ದರೆ, ಮತ್ತೊಂದು ಕಡೆ ವೀಸಾ, ಬ್ಯಾಂಕು, ಮನೆ, ಊಟ, ನಿದ್ದೆಗಳ ವ್ಯವಸ್ಥೆಯೂ ಆಗಬೇಕಿರುತ್ತದೆ. ಎರಡನೆಯದಕ್ಕೆ ಬೇಕಾದ ಸಿದ್ಧತೆಯನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡವರಿಗೆ ಮಾತ್ರ ಮೊದಲನೆಯದಕ್ಕೆ ಪೂರ್ತಿ ಮನಸ್ಸು ಕೊಡಲು ಸಾಧ್ಯವಾಗುತ್ತದೆ ಎಂಬ ನಂಬಿಕೆಯಿಂದ ಈ ಬರಹವನ್ನು ಬರೆದಿದ್ದೇನೆ.

ಮೊದಲು ಅರ್ಹತೆಯ ವಿಚಾರ. ಎಮಿರೇಟ್ಸ್ ಕೇಳುವುದು ಕನಿಷ್ಠ 21 ವರ್ಷ ವಯಸ್ಸು, 160 ಸೆಂಟಿಮೀಟರ್ ಎತ್ತರ, ತುದಿಗಾಲಲ್ಲಿ ನಿಂತು ಕೈ ಚಾಚಿದಾಗ 212 ಸೆಂಟಿಮೀಟರ್ ಮುಟ್ಟುವ ಸಾಮರ್ಥ್ಯ, ನಿರರ್ಗಳ ಇಂಗ್ಲಿಷ್ ಮತ್ತು ಹೋಟೆಲ್ ಅಥವಾ ಗ್ರಾಹಕ ಸೇವೆಯಲ್ಲಿ ಒಂದು ವರ್ಷದ ಅನುಭವ. ಕೈ ಎಷ್ಟು ಎತ್ತರ ಮುಟ್ಟುತ್ತದೆ ಎಂದು ಅಳೆಯುವುದು ಅಂದಕ್ಕಾಗಿ ಅಲ್ಲ. ಮೇಲಿನ ಲಾಕರ್‌ಗಳಲ್ಲಿ ಇಟ್ಟಿರುವ ತುರ್ತು ಸಲಕರಣೆಗಳನ್ನು ತಡವಿಲ್ಲದೆ ತೆಗೆಯಬೇಕು ಎಂಬುದಕ್ಕಾಗಿ. ನಮ್ಮ ನಗರದ ಅನೇಕ ಬಡಾವಣೆಗಳಲ್ಲಿ ಏವಿಯೇಷನ್ ಅಕಾಡೆಮಿಗಳು ದೊಡ್ಡ ಶುಲ್ಕ ಪಡೆದು ಕೋರ್ಸ್ ನಡೆಸುತ್ತವೆ. ಸಂದರ್ಶನದ ಭಯ ಕಳೆಯಲು ಅವು ನೆರವಾಗಬಹುದು, ಆದರೆ ಅವುಗಳ ಪ್ರಮಾಣಪತ್ರ ವಿಮಾನ ಸಂಸ್ಥೆಯ ತರಬೇತಿಗೆ ಬದಲಿಯಾಗುವುದಿಲ್ಲ. ಸಾಲ ಮಾಡಿ ಆ ಶುಲ್ಕ ಕಟ್ಟುವುದಕ್ಕಿಂತ, ಒಳ್ಳೆಯ ಹೋಟೆಲೊಂದರಲ್ಲಿ ಒಂದು ವರ್ಷ ಸಂಬಳ ಪಡೆಯುತ್ತಾ ಕೆಲಸ ಮಾಡುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಮೂರೂ ಸಂಸ್ಥೆಗಳು ಕೆಲಸ ಕೊಡಲು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಆದ್ದರಿಂದ ಆಯ್ಕೆಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಸಂಸ್ಥೆಯ ಅಧಿಕೃತ ನೇಮಕಾತಿ ಪುಟದಲ್ಲೇ ವಿಚಾರಿಸಬೇಕು. ಪ್ರವಾಸಿ ವೀಸಾದಲ್ಲಿ ಬಂದುಬಿಡಿ, ಉಳಿದದ್ದನ್ನು ಅಲ್ಲಿ ನೋಡೋಣ ಎನ್ನುವವರನ್ನು ನಂಬಲೇಬಾರದು. ಹತ್ತನೆಯ ತರಗತಿ ಮುಗಿಸಿದವರ ಪಾಸ್‌ಪೋರ್ಟ್‌ಗೆ ವಲಸೆ ಪರಿಶೀಲನೆಯ ಅಗತ್ಯವಿಲ್ಲ. ಆದರೆ ಹಳೆಯ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ವಲಸೆ ಪರಿಶೀಲನೆ ಅಗತ್ಯ) ಮುದ್ರೆ ಹಾಗೆಯೇ ಉಳಿದಿದ್ದರೆ, ಅಂಕಪಟ್ಟಿ ತೋರಿಸಿ ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಬೇಕು, ಏಕೆಂದರೆ ಯುಎಇ ಮತ್ತು ಕತಾರ್ ಎರಡೂ ಆ ಪರಿಶೀಲನೆ ಅನ್ವಯಿಸುವ ದೇಶಗಳ ಪಟ್ಟಿಯಲ್ಲಿವೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಿದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಶೈಕ್ಷಣಿಕ ಪ್ರಮಾಣಪತ್ರದ ದೃಢೀಕರಣ ಕೇಳಿದರೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಯುಎಇಗೆ ಅಪೊಸ್ಟಿಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ) ಸಾಲದು, ರಾಜ್ಯದ ಹಂತ ಮತ್ತು ವಿದೇಶಾಂಗ ಸಚಿವಾಲಯದ ಹಂತ ದಾಟಿದ ಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಕಾಗದಪತ್ರಗಳು ಓಡಾಡುತ್ತಿರುವ ವಾರಗಳನ್ನು ಸುಮ್ಮನೆ ಕಳೆಯಬಾರದು. ನೀರಿನ ಭಯ ಇರುವವರು ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲೋ ಮನೆಯ ಹತ್ತಿರದ ಬೇರೆ ಈಜುಕೊಳದಲ್ಲೋ ಈಜು ಕಲಿಯುವುದು ಒಳ್ಳೆಯದು. ವಿಮಾನ ನೀರಿಗಿಳಿದಾಗ ಲೈಫ್ ಜಾಕೆಟ್ ತೊಟ್ಟು ತೆಪ್ಪಕ್ಕೆ ಹತ್ತುವ ಅಭ್ಯಾಸ ಈ ತರಬೇತಿಯ ಭಾಗ, ಆ ದಿನ ಧೈರ್ಯವನ್ನು ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ನಡೆಸುವ ಪ್ರಥಮ ಚಿಕಿತ್ಸೆಯ ತರಗತಿಗೆ ಸೇರಿದರೆ ಅರ್ಧ ದಾರಿ ಸವೆದಂತೆ. ಆಲ್ಫಾ, ಬ್ರಾವೊ, ಚಾರ್ಲಿ ಎಂದು ಸಾಗುವ ವೈಮಾನಿಕ ಅಕ್ಷರಮಾಲೆ, 24 ಗಂಟೆಗಳ ಗಡಿಯಾರ, ವಿಮಾನ ನಿಲ್ದಾಣಗಳ ಮೂರಕ್ಷರದ ಸಂಕೇತಗಳು ಇವೆಲ್ಲ ಬಸ್ಸಿನಲ್ಲಿ ಕೂತೇ ಬಾಯಿಪಾಠ ಮಾಡಬಹುದಾದವು. ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ದುಬೈ ಡಿಎಕ್ಸ್‌ಬಿ. ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಮಾನಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ, ದುಬೈ ನಾಲ್ಕು ಗಂಟೆ, ದೋಹಾ ಮೂರು ಗಂಟೆ ಮುಂದೆ ಎಂಬ ಲೆಕ್ಕ ತಡವರಿಸದೆ ಬರುವಂತಾಗಬೇಕು.

ಪೆಟ್ಟಿಗೆ ಕಟ್ಟುವ ಹೊತ್ತಿಗೆ ಮನೆಯವರ ಪ್ರೀತಿಗೂ ಕಾನೂನಿಗೂ ಘರ್ಷಣೆಯಾಗದಂತೆ ನೋಡಿಕೊಳ್ಳಬೇಕು. ಯುಎಇಯಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಸಣ್ಣ ಪೊಟ್ಟಣವೂ ಅಲ್ಲಿ ಮಾದಕವಸ್ತುವಿನ ಪ್ರಕರಣವಾಗಬಹುದು. ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಮುಂಚಿನ ಅನುಮತಿ ಬೇಕು. ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿಗಳನ್ನು ಧಾರಾಳವಾಗಿ ಒಯ್ಯಬಹುದು, ಮೊದಲ ವಾರ ದಣಿದು ಕೋಣೆಗೆ ಬಂದಾಗ ಅವು ನಿಜಕ್ಕೂ ನೆರವಾಗುತ್ತವೆ.

ಈಗ ತರಬೇತಿಗೆ ಬರೋಣ. ಹೊರಗಿನವರಿಗೆ ಕಾಣುವುದು ಲಿಪ್‌ಸ್ಟಿಕ್, ಟೋಪಿ, ನಗು, ಊಟದ ಟ್ರಾಲಿ. ಅವುಗಳ ಪಾಠವೂ ಇದೆ, ಆದರೆ ತರಬೇತಿಯ ಜೀವಾಳ ಇರುವುದು ಸುರಕ್ಷತೆ ಮತ್ತು ತುರ್ತು ಕಾರ್ಯವಿಧಾನದ ಭಾಗದಲ್ಲಿ. ಇದನ್ನು ಕ್ರೂ ವಲಯದಲ್ಲಿ ಎಸ್‌ಇಪಿ ಎನ್ನುತ್ತಾರೆ. ವಿಮಾನದ ವಿನ್ಯಾಸಕ್ಕೆ ಮಾನ್ಯತೆ ಸಿಗಬೇಕಾದರೆ ಅರ್ಧದಷ್ಟು ನಿರ್ಗಮನ ದ್ವಾರಗಳನ್ನು ಮಾತ್ರ ಬಳಸಿ, ತುಂಬಿದ ವಿಮಾನವನ್ನು 90 ಸೆಕೆಂಡುಗಳಲ್ಲಿ ಖಾಲಿ ಮಾಡಬಹುದೆಂದು ತಯಾರಕರು ತೋರಿಸಬೇಕು. ಆ 90 ಸೆಕೆಂಡುಗಳನ್ನು ವಾಸ್ತವದಲ್ಲಿ ಸಾಧಿಸಬೇಕಾದವರು ಬಾಗಿಲ ಬಳಿ ಕುಳಿತ ಕ್ಯಾಬಿನ್ ಕ್ರೂ. ಬಾಗಿಲನ್ನು ತುರ್ತು ಸ್ಥಿತಿಗೆ ಅಣಿಗೊಳಿಸುವುದು, ತೆರೆಯುವ ಮೊದಲು ಕಿಟಕಿಯಿಂದ ಹೊರಗೆ ಬೆಂಕಿ, ನೀರು, ಅಡ್ಡಿಗಳಿವೆಯೇ ಎಂದು ನೋಡುವುದು, ಪ್ರಯಾಣಿಕರು ಜಾರಿ ಕೆಳಗಿಳಿಯುವ ಜಾರುಪಟ್ಟಿ ಉಬ್ಬಿತೇ ಎಂದು ಖಚಿತಪಡಿಸಿಕೊಳ್ಳುವುದು, ಬಳಿಕ ಗಟ್ಟಿ ಧ್ವನಿಯಲ್ಲಿ ಆಜ್ಞೆ ಕೊಡುವುದು: ಈ ಸರಣಿಯನ್ನು ಯೋಚಿಸದೆಯೇ ಕೈ ಮಾಡುವಷ್ಟು ಸಲ ಮಾಡಿಸುತ್ತಾರೆ. ನಮ್ಮಲ್ಲಿ ಮೆಲುದನಿಯಲ್ಲಿ ಮಾತಾಡುವುದನ್ನೇ ಸಭ್ಯತೆ ಎಂದು ಕಲಿತ ಹುಡುಗಿಯರು, ಹುಡುಗರು ಮೊದಲ ದಿನ ಕೂಗಲು ಸಂಕೋಚಪಡುತ್ತಾರೆ. ಬೋಧಕರು ಆ ಸಂಕೋಚವನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆಜ್ಞೆಗಳನ್ನು ಪುಸ್ತಕದಲ್ಲಿರುವ ಪದಗಳಲ್ಲೇ, ಅದೇ ಕ್ರಮದಲ್ಲಿ ಹೇಳಬೇಕು. ಅರ್ಥ ಸರಿಯಿದ್ದರೂ ಪದ ಬದಲಾದರೆ ತಪ್ಪೇ.

ಇದು ಕೇವಲ ಪರೀಕ್ಷೆಗಾಗಿ ಅಲ್ಲವೆಂದು ತಿಳಿಯಲು 2016ರ ಆಗಸ್ಟ್ 3ರ ಘಟನೆ ಸಾಕು. ತಿರುವನಂತಪುರದಿಂದ ಹೊರಟಿದ್ದ ಎಮಿರೇಟ್ಸ್‌ನ ಬೋಯಿಂಗ್ 777 ವಿಮಾನ ದುಬೈಯಲ್ಲಿ ರನ್‌ವೇಗೆ ಅಪ್ಪಳಿಸಿತು. ಗಾಳಿಗೆ ಕೆಲವು ಜಾರುಪಟ್ಟಿಗಳು ಮೇಲಕ್ಕೆದ್ದು ಬಳಕೆಗೆ ಬಾರದಾದವು, ಹಲವು ಪ್ರಯಾಣಿಕರು ಕೈಚೀಲ ಬಿಡಲೊಪ್ಪದೆ ದಾರಿಗೆ ಅಡ್ಡಿಯಾದರು. ಆದರೂ 282 ಪ್ರಯಾಣಿಕರು ಮತ್ತು 18 ಸಿಬ್ಬಂದಿ, ಹೀಗೆ 300 ಜನರೂ ಜೀವಸಹಿತ ಹೊರಬಂದರು; ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಸ್ಫೋಟದಲ್ಲಿ ಪ್ರಾಣ ಕಳೆದುಕೊಂಡರು. 2024ರ ಜನವರಿ 2ರಂದು ಟೋಕಿಯೊದ ಹಾನೆಡಾದಲ್ಲಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಧ್ವನಿವರ್ಧಕ ವ್ಯವಸ್ಥೆ ಕೆಟ್ಟಿತ್ತು, ಎಂಟರಲ್ಲಿ ಮೂರು ದ್ವಾರಗಳಷ್ಟೇ ಬಳಕೆಗೆ ಬಂದವು. ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ, 379 ಜನರನ್ನೂ ಹೊರಗೆ ಕಳುಹಿಸಿದರು. ಕೂಗುವುದನ್ನು ಏಕೆ ಕಲಿಸುತ್ತಾರೆ ಎಂದು ಕೇಳುವವರಿಗೆ ನಾನು ಈ ಎರಡು ಘಟನೆಗಳನ್ನು ಓದಿ ಎನ್ನುತ್ತೇನೆ.

ಬೆಂಕಿಯ ಅಭ್ಯಾಸದಲ್ಲಿ ಹೊಗೆ ತುಂಬಿದ ಕೋಣೆಗೆ ಹೊಗೆಕವಚ ತೊಟ್ಟು ಇಳಿಯಬೇಕು. ಮುಚ್ಚಿದ ಬಾಗಿಲನ್ನು ಅಂಗೈಯಿಂದ ಅಲ್ಲ, ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ನೋಡಬೇಕು. ಮೊಬೈಲ್ ಅಥವಾ ಪವರ್ ಬ್ಯಾಂಕ್‌ನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಹ್ಯಾಲಾನ್ ಎಂಬ ಬೆಂಕಿ ನಂದಿಸುವ ಅನಿಲ ಸಿಂಪಡಿಸಿ ಜ್ವಾಲೆ ಆರಿಸುವುದಷ್ಟೇ ಸಾಲದು, ಒಳಗಿನ ಕಾವು ಮತ್ತೆ ಹೊತ್ತದಂತೆ ನೀರು ಸುರಿದು ತಣಿಸಬೇಕು. ಮಂಜುಗಡ್ಡೆ ಇಡಬಾರದು, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ 35,000 ಅಡಿ ಎತ್ತರದಲ್ಲಿ ಬುದ್ಧಿ ಸ್ಥಿಮಿತದಲ್ಲಿರುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಮಾತ್ರ. ಆದ್ದರಿಂದ ಹತ್ತಿರದ ಆಮ್ಲಜನಕದ ಮಾಸ್ಕನ್ನು ಮೊದಲು ತಾನು ತೊಟ್ಟು ಕುಳಿತುಕೊಳ್ಳಬೇಕು. ಪಕ್ಕದಲ್ಲಿ ಮಗು ಅಳುತ್ತಿದ್ದರೂ ಇದೇ ನಿಯಮ, ಇದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಕಷ್ಟವಾಗುತ್ತದೆ. ಪ್ರಥಮ ಚಿಕಿತ್ಸೆಯಲ್ಲಿ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮ, ನಿಮಿಷಕ್ಕೆ 100ರಿಂದ 120ರ ಲಯ, ವಿದ್ಯುತ್ ಆಘಾತದಿಂದ ಹೃದಯದ ಬಡಿತವನ್ನು ಸರಿಪಡಿಸುವ ಎಇಡಿ ಯಂತ್ರದ ಬಳಕೆ, ಗಂಟಲಲ್ಲಿ ಸಿಕ್ಕಿದ್ದನ್ನು ಹೊರತೆಗೆಯುವುದು, ಹೆರಿಗೆಗೆ ನೆರವಾಗುವುದು ಎಲ್ಲವೂ ಬರುತ್ತವೆ. ಭದ್ರತೆಯ ಪಾಠಕ್ಕೆ ಕೂರುವಾಗ, ಅಮೆರಿಕದ ಪ್ಯಾನ್ ಆಮ್ ವಿಮಾನ ಸಂಸ್ಥೆಯ ತರಬೇತಿಗೆ ಮಿಯಾಮಿಗೆ ಹೋಗಿದ್ದ ನೀರಜಾ ಭನೋಟ್ ಅವರನ್ನು ನೆನೆಯುವುದು ಯೋಗ್ಯ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅವರಿದ್ದ ಕ್ಯಾಬಿನ್ ಕ್ರೂ ಕೊಟ್ಟ ಎಚ್ಚರಿಕೆಯಿಂದಲೇ ಪೈಲಟ್‌ಗಳು ಹೊರಬಿದ್ದು, ಅಪಹರಣಕಾರರಿಗೆ ವಿಮಾನ ಹಾರಿಸುವ ದಾರಿ ಮುಚ್ಚಿತು.

ಓದುವ ವಿಧಾನದಲ್ಲಿ ನನ್ನ ಒಂದೇ ಒತ್ತಾಯ: ಆಯಾ ದಿನದ ಪಾಠವನ್ನು ಆಯಾ ಸಂಜೆಯೇ ಬಾಯಿಬಿಟ್ಟು ಹೇಳಿ ನೋಡಿ. ಪರೀಕ್ಷೆಗಳು ಪದೇ ಪದೇ ಬರುತ್ತವೆ, ತೇರ್ಗಡೆಯ ಮಟ್ಟ ಎತ್ತರದಲ್ಲಿರುತ್ತದೆ, ಬಿಟ್ಟ ಪಾಠವನ್ನು ವಾರಾಂತ್ಯಕ್ಕೆ ಉಳಿಸಿಕೊಂಡವರು ಹಿಂದೆ ಬೀಳುತ್ತಾರೆ. ತರಗತಿಯಲ್ಲಿ ಬ್ರೆಜಿಲ್, ಈಜಿಪ್ಟ್, ಫಿಲಿಪ್ಪೀನ್ಸ್‌ನವರ ಇಂಗ್ಲಿಷ್ ಉಚ್ಚಾರಣೆ ಮೊದಲು ಕಿವಿಗೆ ಹತ್ತದಿರಬಹುದು. ಅರ್ಥವಾಗದಿದ್ದರೆ ಮತ್ತೆ ಹೇಳಿ ಎಂದು ಕೇಳುವುದು ಅವಮಾನವಲ್ಲ, ವಿಮಾನದೊಳಗೆ ಅದೇ ಕರ್ತವ್ಯ. ಕನ್ನಡದವರೇ ಸಿಕ್ಕರೆ ಸಂತೋಷ, ಆದರೆ ಅಭ್ಯಾಸಕ್ಕೆ ಬೇರೆ ದೇಶದವರ ಜೊತೆ ಕೂರುವುದರಲ್ಲಿ ಹೆಚ್ಚು ಲಾಭವಿದೆ.

ವಸತಿಯನ್ನು ಸಂಸ್ಥೆಯೇ ಕೊಡುತ್ತದೆ, ಸಾಮಾನ್ಯವಾಗಿ ಬೇರೆ ದೇಶದ ಸಹೋದ್ಯೋಗಿಯ ಜೊತೆ ಹಂಚಿಕೊಳ್ಳುವ ಮನೆ. ಅಡುಗೆಮನೆ, ಫ್ರಿಜ್, ನಿದ್ದೆಯ ಹೊತ್ತು ಇವುಗಳ ಬಗ್ಗೆ ಮೊದಲ ದಿನವೇ ಮುಕ್ತವಾಗಿ ಮಾತಾಡಿಕೊಳ್ಳಬೇಕು. ಸಸ್ಯಾಹಾರಿಗಳು ತಮ್ಮ ಊಟವನ್ನು ಬದಲಿಸಬೇಕಿಲ್ಲ, ಆದರೆ ಕೆಲಸದಲ್ಲಿ ಮಾಂಸವನ್ನೂ ಮದ್ಯವನ್ನೂ ಬಡಿಸಲೇಬೇಕು. ಈ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯ ಹಿರಿಯರ ಜೊತೆ ಆಡಿ ಮುಗಿಸುವುದು ಎಲ್ಲರಿಗೂ ಒಳಿತು. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗಳಿಗೆ ನಿರ್ಬಂಧವಿದ್ದು, ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳನ್ನು ಬಳಸುತ್ತಾರೆ. ಹೊರಡುವ ಮೊದಲೇ ಅಪ್ಪ ಅಮ್ಮನ ಫೋನಿಗೂ ಅದನ್ನು ಹಾಕಿಕೊಟ್ಟು, ಯಾವ ಹೊತ್ತಿಗೆ ಕರೆ ಮಾಡುತ್ತೇನೆ ಎಂದು ಹೇಳಿಟ್ಟರೆ ಅವರ ಆತಂಕ ಅರ್ಧ ಇಳಿಯುತ್ತದೆ. ನಿವಾಸ ವೀಸಾಕ್ಕೆ ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಕಡ್ಡಾಯ.

ಹಣದ ವಿಚಾರ ಚಿಕ್ಕದಾದರೂ ಮರೆಯುವಂಥದ್ದಲ್ಲ. ಉದ್ಯೋಗಕ್ಕಾಗಿ ಪರದೇಶಕ್ಕೆ ಹೋದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಯ ಭಾರತದಲ್ಲಿನ ಆದಾಯಕ್ಕಿರುವ ಖಾತೆ) ಬದಲಾಯಿಸಬೇಕು, ಅಲ್ಲಿನ ಸಂಬಳ ಕಳುಹಿಸಲು ಎನ್‌ಆರ್‌ಇ ಖಾತೆ (ಅನಿವಾಸಿಯ ವಿದೇಶಿ ಗಳಿಕೆಗಿರುವ ಖಾತೆ) ತೆರೆಯಬಹುದು. ನೀವು ಹೊರಟ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಕಳೆದ ದಿನಗಳು 182 ಅಥವಾ ಹೆಚ್ಚಾದರೆ ಆ ಹಣಕಾಸು ವರ್ಷಕ್ಕೆ ನೀವು ತೆರಿಗೆಯ ದೃಷ್ಟಿಯಿಂದ ನಿವಾಸಿಯೇ, ಆದ್ದರಿಂದ ಹೊರಟ ದಿನಾಂಕವನ್ನು ಲೆಕ್ಕಪರಿಶೋಧಕರಿಗೆ ತಿಳಿಸಿರಿ. ಯುಎಇ ಕಾರ್ಮಿಕ ಕಾನೂನಿನಲ್ಲಿ ಕೆಲಸದ ಪರೀಕ್ಷಾವಧಿ (ಪ್ರೊಬೇಷನ್) ಗರಿಷ್ಠ ಆರು ತಿಂಗಳು. ಅಷ್ಟು ಕಾಲ ದೊಡ್ಡ ಸಾಲ, ಕಂತುಗಳಿಗೆ ಕೈ ಹಾಕದಿರುವುದು ವಿವೇಕ.

ತರಗತಿ ಮುಗಿದ ಮೇಲೆ ಮೊದಲ ಕೆಲವು ಹಾರಾಟಗಳಲ್ಲಿ ನೀವು ಹೆಚ್ಚುವರಿ ಸಿಬ್ಬಂದಿಯಾಗಿ, ಹಿರಿಯರ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತೀರಿ. ಆಗ ಸೇವೆಯ ವೇಗಕ್ಕಿಂತ ಸಲಕರಣೆಗಳ ಜಾಗ ಗುರುತಿಟ್ಟುಕೊಳ್ಳುವುದಕ್ಕೆ ಹೆಚ್ಚು ಗಮನ ಕೊಡಿ. ಪ್ರತಿ ಟೇಕಾಫ್ ಮತ್ತು ಲ್ಯಾಂಡಿಂಗ್‌ಗೆ ಮುನ್ನ ಜಂಪ್‌ಸೀಟಿನಲ್ಲಿ (ಬಾಗಿಲ ಬಳಿಯ ಸಿಬ್ಬಂದಿಯ ಮಡಚುವ ಆಸನ) ಕುಳಿತು, ನನ್ನ ಬಾಗಿಲು ಯಾವುದು, ತೆರೆಯುವುದು ಹೇಗೆ, ಮೊದಲ ಆಜ್ಞೆ ಏನು, ನೆರವಿಗೆ ಯಾರನ್ನು ಕರೆಯಬಹುದು ಎಂದು ಮನಸ್ಸಿನಲ್ಲೇ ಅರ್ಧ ನಿಮಿಷ ಓದಿಕೊಳ್ಳುವ ಅಭ್ಯಾಸವನ್ನು ತರಬೇತಿಯಲ್ಲೇ ಕಲಿಸಿರುತ್ತಾರೆ. ಅದನ್ನು ಮೊದಲ ಹಾರಾಟದಿಂದಲೇ ಒಂದೂ ಸಲ ಬಿಡದೆ ಮಾಡಿ, ಎಸ್‌ಇಪಿ ಟಿಪ್ಪಣಿಗಳನ್ನು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಬರುವ ಮರುತರಬೇತಿಯಲ್ಲಿ ಇದೇ ಬಾಗಿಲುಗಳನ್ನು ಮತ್ತೆ ತೆರೆದು ತೋರಿಸಿ ತೇರ್ಗಡೆಯಾಗಬೇಕಾಗುತ್ತದೆ.