ಪೆರೋಲ್ ಅರ್ಜಿಗೆ ‘ನಾಮಂಜೂರ’ ಅಂತ ಒಂದೇ ಸಾಲು ಬಂದ್ರೆ ಏನ್ಮಾಡ್ಬೇಕು?

ಕಾಕು (ಈ ಕಡೆ ಚಿಕ್ಕಮ್ಮನಿಗೆ ಹಂಗಂತಾರೆ) ಪ್ಲಾಸ್ಟಿಕ್ ಕವರ್ ಬಿಚ್ಚಿ, ಜೈಲಲ್ಲಿರೋ ಮಗನ ಪೆರೋಲ್ ಅರ್ಜಿಗೆ, ಅಂದ್ರೆ ಸ್ವಲ್ಪ ದಿನ ಮನೆಗೆ ಬರೋ ರಜೆಗೆ, ಬಂದ ಉತ್ತರದ ಕಾಗದ ನನ್ನ ಮುಂದೆ ಇಟ್ಟಾಗ ಅದರ ಮಡಿಕೆಗಳು ಸವೆದು ನಾಲ್ಕು ತುಂಡಾಗೋ ಹಂಗಿತ್ತು, ಅಷ್ಟು ಜನರ ಕೈಲಿ ಓದಿಸಿದ್ರು ಅವರು. ಇಂಡಿ ತಾಲೂಕಿನವರು, ಪುಣೆಗೆ ಬಂದು ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ್ದಾರೆ, ಮರಾಠಿ ಚೆನ್ನಾಗೇ ಮಾತಾಡ್ತಾರೆ, ಆದ್ರೆ ಸಂತೆ ಮರಾಠಿ ಬೇರೆ, ಕಚೇರಿ ಮರಾಠಿ ಬೇರೆ. “ತಮ್ಮಾ, ಇದರಾಗ ಏನ್ ಬರದಾರ ನೋಡಪಾ. ಎಲ್ಲಾರೂ ಆಗಂಗಿಲ್ಲ ಅಂತಾರ, ಯಾಕ ಆಗಂಗಿಲ್ಲ ಅಂತ ಯಾರೂ ಹೇಳವಲ್ರು” ಅಂದ್ರು. ಓದಿದೆ. ಇದ್ದದ್ದು ಒಂದೇ ಸಾಲು: ‘ಪೋಲೀಸ್ ಅಹವಾಲ್ ಪ್ರತಿಕೂಲ ಅಸಲ್ಯಾನೆ ಅರ್ಜ ನಾಮಂಜೂರ’. ಪೊಲೀಸ್ ರಿಪೋರ್ಟ್ ವಿರುದ್ಧ ಇದೆ, ಅದಕ್ಕೆ ಅರ್ಜಿ ಇಲ್ಲ, ಮುಗೀತು. ರಿಪೋರ್ಟಲ್ಲಿ ಏನಿತ್ತು, ಯಾರ ಹೇಳಿಕೆ ತಗೊಂಡ್ರು, ಲಕ್ವಾ ಹೊಡೆದು ಹಾಸಿಗೆ ಹಿಡಿದಿರೋ ಅಪ್ಪನ ಆಸ್ಪತ್ರೆ ಕಾಗದ ಯಾರಾದ್ರೂ ತೆರೆದು ನೋಡಿದ್ರಾ, ಒಂದಕ್ಷರ ಇಲ್ಲ.

ಮಗ ತಪ್ಪು ಮಾಡಿದ್ದಾನೆ, ಕೋರ್ಟು ಶಿಕ್ಷೆ ಕೊಟ್ಟಿದೆ, ಅದರ ಬಗ್ಗೆ ಕಾಕು ಯಾವತ್ತೂ ತಕರಾರು ತೆಗೆದಿಲ್ಲ. ಆದ್ರೆ ಅಪ್ಪನ ಮುಖ ನೋಡೋಕೆ ಬಿಡಲ್ಲ ಅನ್ನೋರು ಯಾಕೆ ಬಿಡಲ್ಲ ಅಂತ ಹೇಳ್ಬೇಕಲ್ವಾ? ಹೇಳ್ಲೇಬೇಕು. ಪುಣೆ ಮುಂಬೈ ಕಡೆ ಜೈಲುಗಳ ಮುಲಾಖತ್ (ಭೇಟಿ) ಸಾಲಲ್ಲಿ ನಿಲ್ಲೋ ನಮ್ಮ ವಿಜಯಪುರ ಕಲಬುರಗಿ ಮಂದಿಗೆ ಇದು ಗೊತ್ತಿರಲಿ ಅಂತಾನೇ ಈ ಲೇಖನ.

ಮೊದಲು ಯಾವ ರಜೆ ಕೇಳ್ತಿದ್ದೀರಿ ಅಂತ ನೋಡ್ಕೊಳ್ಳಿ. ಮಹಾರಾಷ್ಟ್ರದಲ್ಲಿ ಇದೆಲ್ಲ ನಡೆಯೋದು 1959ರ ಫರ್ಲೋ ಮತ್ತು ಪೆರೋಲ್ ನಿಯಮಗಳ ಪ್ರಕಾರ. ಫರ್ಲೋಗೆ ಇಲ್ಲಿನ ಕಾಗದದಲ್ಲಿ ‘ಸಂಚಿತ ರಜಾ’ ಅಂತ ಇರುತ್ತೆ, ಪೆರೋಲ್‌ಗೆ ‘ಅಭಿವಚನ ರಜಾ’ ಅಂತ. ಫರ್ಲೋ ಅಂದ್ರೆ ಇಂತಿಷ್ಟು ಕಾಲ ಒಳಗಿದ್ದು ನಡತೆ ಚೆನ್ನಾಗಿದ್ರೆ ಸಿಗೋ ರಜೆ, ವಿಶೇಷ ಕಾರಣ ಬೇಕಿಲ್ಲ, ಆ ದಿನಗಳು ಶಿಕ್ಷೆ ಲೆಕ್ಕಕ್ಕೆ ಸೇರುತ್ತೆ. ಪೆರೋಲ್‌ಗೆ ಕಾರಣ ಬೇಕು, ಮನೇಲಿ ಸಾವು, ಮದುವೆ, ತೀರಾ ಕಾಯಿಲೆ, ಹೆಂಡತಿ ಹೆರಿಗೆ, ಮನೆ ಬಿದ್ದದ್ದು, ನೆರೆ ಹಾವಳಿ ಇಂಥವು, ಮತ್ತೆ ಆ ದಿನಗಳು ಶಿಕ್ಷೇಲಿ ಕಳೆಯಲ್ಲ. 2023ರ ಜನವರಿಯಲ್ಲಿ ಗೋವಾದ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು, ಬೇಗ ಬಿಡುಗಡೆಗೆ ಬೇಕಾದ 14 ವರ್ಷದ ಲೆಕ್ಕದಲ್ಲಿ ಪೆರೋಲ್ ದಿನ ಸೇರಿಸೋ ಹಂಗಿಲ್ಲ ಅಂತ. ಇನ್ನೂ ವಿಚಾರಣೆ ನಡೀತಿರೋರಿಗೆ ಈ ಎರಡೂ ಇಲ್ಲ, ಅವರ ದಾರಿ ಬೇಲ್. ನಿಯಮಗಳು 2016, 2018, 2020ರಲ್ಲಿ ಬದಲಾಗಿವೆ, ಹಂಗಾಗಿ ಯಾರೋ ಕೊಟ್ಟ ಹಳೇ ಜೆರಾಕ್ಸ್ ನೋಡಿ ದಿನ ಲೆಕ್ಕ ಹಾಕ್ಬೇಡಿ, ಇವತ್ತಿನ ತಿದ್ದುಪಡಿ ಸಮೇತ ಕೇಳಿ ತಗೊಳ್ಳಿ.

ಅರ್ಜಿ ಹೋಗೋದು ಜೈಲಿನ ಸೂಪರಿಂಟೆಂಡೆಂಟ್ ಮೂಲಕ. ಒಳಗಿರೋರೇ ಸಹಿ ಅಥವಾ ಹೆಬ್ಬೆಟ್ಟು ಹಾಕ್ಬೇಕು, ಹೊರಗಿರೋರು ಕಾಗದ ಜೋಡಿಸಿ ಕೊಡ್ಬೇಕು. ಇಲ್ಲಿ ಎರಡು ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಿ. ಒಂದು ವಿಳಾಸ. ರಜೆ ಸಿಕ್ಕಾಗ ಎಲ್ಲಿ ಇರ್ತಾರೋ ಅದೇ ವಿಳಾಸ ಬರೀಬೇಕು, ಊರು, ತಾಲೂಕು, ಜಿಲ್ಲೆ, ಪೊಲೀಸ್ ಠಾಣೆ ಹೆಸರು, ಪಿನ್ ಕೋಡ್, ಅಲ್ಲಿ ಇಟ್ಕೊಳ್ಳೋಕೆ ಒಪ್ಪಿದ ನೆಂಟರ ಹೆಸರು ಮೊಬೈಲ್ ನಂಬರ್ ಎಲ್ಲ. ನಮ್ಮೋರಲ್ಲಿ ಬಹಳ ಮಂದಿಗೆ ತೀರ್ಪಲ್ಲಿ ಇರೋ ವಿಳಾಸ ಪುಣೆಯ ಯಾವುದೋ ವಸ್ತಿಯ ಬಾಡಿಗೆ ಖೋಲಿ, ಅದು ಬಿಟ್ಟು ಎಷ್ಟೋ ಕಾಲ ಆಗಿರುತ್ತೆ, ಮನೆಯವರು ಊರಿಗೆ ವಾಪಸ್ ಹೋಗಿರ್ತಾರೆ. ಎರಡನೇದು ಆವಕ ನಂಬರ್, ಅಂದ್ರೆ ಕಾಗದ ಬಂತು ಅಂತ ಕಚೇರಿಯೋರು ಹಾಕೋ ನಂಬರ್. ಹೊರಗಿಂದ ಏನೇ ಕೊಟ್ರೂ ಎರಡು ಪ್ರತಿ ಮಾಡ್ಸಿ, ಒಂದರ ಮೇಲೆ ಆವಕ-ಜಾವಕ ಕೌಂಟರಿನ ಶಿಕ್ಕಾ, ತಾರೀಖು, ನಂಬರ್ ಹಾಕಿಸ್ಕೊಳ್ಳಿ, ಇಲ್ಲಿ ಅದಕ್ಕೆ ‘ಪೋಚ್’ ಅಂತಾರೆ. “ಇಟ್ಟು ಹೋಗಿ, ನೋಡ್ತೀವಿ” ಅಂದ್ರೆ ಕೈ ಮುಗಿದು ಅಲ್ಲೇ ನಿಂತ್ಕೊಳ್ಳಿ. ಕೊಡದೇ ಇದ್ರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಪೋಚ್ ಇಲ್ಲದ ಅರ್ಜಿ ನಾಳೆ ಕೋರ್ಟಲ್ಲಿ ಇಲ್ಲದ ಅರ್ಜಿ.

ಆಮೇಲೆ ಪೊಲೀಸ್ ವಿಚಾರಣೆ, ಹೆಚ್ಚಿನವು ಕೆಡೋದು ಇಲ್ಲೇ. ಜೈಲಿನಿಂದ ಕಾಗದ ಹೊರಟು ವಿಜಯಪುರವೋ ಕಲಬುರಗಿಯೋ ಜಿಲ್ಲಾ ಪೊಲೀಸ್ ಕಚೇರಿಗೆ ಮುಟ್ಟಿ, ಅಲ್ಲಿಂದ ಠಾಣೆಗೆ, ಠಾಣೆಯಿಂದ ಬೀಟ್ ಪೊಲೀಸ್ ಕೈಗೆ, ಮತ್ತೆ ಅದೇ ದಾರೀಲಿ ವಾಪಸ್, ಎರಡು ರಾಜ್ಯ ಎರಡು ಭಾಷೆ ನಡುವೆ, ಎಲ್ಲಿ ಬೇಕಾದ್ರೂ ನಿಂತು ಹೋಗ್ಬಹುದು. ಅದಕ್ಕೆ ಊರಿನ ಠಾಣೆಗೆ ಮನೆಯವರೇ ಹೋಗಿ ಕಾಗದ ಬಂದಿದ್ಯಾ ಅಂತ ವಿಚಾರಿಸ್ಬೇಕು. ಪೊಲೀಸರು ಬಂದಾಗ ಹೇಳಿಕೆ ಬರ್ಕೊಳ್ತಾರೆ, ಸಹಿ ಹಾಕೋ ಮುಂಚೆ ಓದಿ ಹೇಳಿ ಅಂತ ಕೇಳಿ. ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಯಾವ ಕಾಲಕ್ಕೂ ಬೇಡ. ದೂರು ಕೊಟ್ಟ ಮನೆಯವರೂ ಅದೇ ಓಣೀಲಿ ಇದ್ರೆ ಅವರ ಭಯ ಸುಳ್ಳಲ್ಲ, ಅದನ್ನ ಪೊಲೀಸರು ಬರೀಬೇಕಾದ್ದೇ, ಅಂಥ ಕಡೆ ಬೇರೆ ಊರಲ್ಲಿ ಅಕ್ಕನ ಮನೇಲೋ ಸೋದರಮಾವನ ಮನೇಲೋ ಇರ್ತೀನಿ ಅಂತ ಮೊದಲೇ ಬರೆದು ಕೊಡೋದು ಒಳ್ಳೇದು. ಅವರಿಗೂ ನೆಮ್ಮದಿ, ಅರ್ಜಿಗೂ ಬಲ.

ಇಷ್ಟೆಲ್ಲ ಮಾಡಿದ ಮೇಲೂ ನಾಮಂಜೂರ್ ಬಂತು ಅಂದ್ಕೊಳ್ಳಿ. ಕಾನೂನಲ್ಲಿ ನಿಮಗೆ ಏನಿದೆ, ಏನಿಲ್ಲ ಅನ್ನೋದನ್ನ ನೇರವಾಗಿ ಹೇಳ್ತೀನಿ. ರಜೆ ಸಿಕ್ಕೇ ಸಿಗ್ಬೇಕು ಅನ್ನೋ ಹಕ್ಕು ಇಲ್ಲ. 1959ರ ನಿಯಮಗಳ 17ನೇ ನಿಯಮದಲ್ಲೇ ಫರ್ಲೋ ಬಗ್ಗೆ ಹಂಗೆ ಬರೆದಿದೆ, 2021ರಲ್ಲಿ ನಾರಾಯಣ ಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹೇಳಿದೆ. ಆದ್ರೆ ರಜೆ ಹಕ್ಕಲ್ಲ ಅಂದ ಮಾತ್ರಕ್ಕೆ ಮನಸಿಗೆ ಬಂದಂಗೆ ನಿರ್ಧಾರ ಮಾಡ್ಬಹುದು ಅಂತಲ್ಲ. ಜೈಲಿನ ಗೇಟ್ ದಾಟಿ ಒಳಗೆ ಹೋದ ಮೇಲೂ ಮೂಲಭೂತ ಹಕ್ಕುಗಳು ಉಳಿದಿರುತ್ತೆ ಅಂತ 1978ರಲ್ಲೇ ಸುನಿಲ್ ಬಾತ್ರಾ ತೀರ್ಪಲ್ಲಿ ಬಂದಿದೆ. ಅದೇ ವರ್ಷದ ಮನೇಕಾ ಗಾಂಧಿ ತೀರ್ಪು, ಜೀವ ಮತ್ತು ಸ್ವಾತಂತ್ರ್ಯದ ಬಗ್ಗೆ ಸಂವಿಧಾನದ 21ನೇ ವಿಧಿಯಲ್ಲಿ ಹೇಳೋ ಕಾನೂನು ಕ್ರಮ ನ್ಯಾಯವಾಗಿ, ಸರಿಯಾಗಿ ಇರ್ಬೇಕು ಅಂತ ಹೇಳಿತು. ಅಂದ್ರೆ ಕಾಕು ಮಗನಿಗೆ ಇರೋದು ರಜೆಯ ಹಕ್ಕಲ್ಲ, ತನ್ನ ಅರ್ಜಿಯನ್ನ ಒಬ್ಬ ಮನುಷ್ಯನ ಅರ್ಜಿ ಅಂತ ಓದಿಸಿ ಕಾರಣ ಸಮೇತ ಉತ್ತರ ಪಡೆಯೋ ಹಕ್ಕು.

ಆದೇಶ ಕೈಗೆ ಬಂದ ತಕ್ಷಣ ಕೂತು ಓದಿ, ಬರಲ್ಲ ಅಂದ್ರೆ ಮರಾಠಿ ಓದೋಕೆ ಬರೋರ ಹತ್ರ ಪದ ಪದ ಬಿಡಿಸಿ ಓದಿಸಿ. ಸಹಿ ಯಾರದು? ಫರ್ಲೋ ಆದ್ರೆ ಸಾಮಾನ್ಯವಾಗಿ ಆ ವಿಭಾಗದ ಜೈಲು ಡಿಐಜಿ ಅವರದು, ಪೆರೋಲ್ ಆದ್ರೆ ವಿಭಾಗೀಯ ಆಯುಕ್ತರದೋ ಬೇರೆ ಅಧಿಕಾರಿಯದೋ ಇರ್ಬಹುದು, ಮುಂದಿನ ಅಪೀಲು ಎಲ್ಲಿಗೆ ಅನ್ನೋದು ಈ ಸಹಿ ಮೇಲೆ ನಿಂತಿದೆ. ಯಾವ ನಿಯಮದ ಕೆಳಗೆ ತಿರಸ್ಕರಿಸಿದ್ರು? ಆ ನಿಯಮ ನಿಮ್ಮ ಮನುಷ್ಯನಿಗೆ ಹೊಂದುತ್ತಾ? ಹೆಸರು, ಕೈದಿ ನಂಬರ್, ವಿಳಾಸ, ಕೇಳಿದ ಕಾರಣ ಸರಿಯಾಗಿ ಇದೆಯಾ, ಇಲ್ಲ ಬೇರೆಯವರ ಆದೇಶದಲ್ಲಿ ಹೆಸರು ಮಾತ್ರ ಬದಲಾಯಿಸಿ ಟೈಪ್ ಮಾಡಿದಂಗಿದೆಯಾ? ಒಂದು ಬಹಳ ಮುಖ್ಯ ವಿಷಯ: ಆದೇಶದಲ್ಲಿ ಬರೆಯದ ಕಾರಣವನ್ನ ಆಮೇಲೆ ಕೋರ್ಟಿಗೆ ಅಫಿಡವಿಟ್ ಹಾಕಿ ಸೇರಿಸೋಕೆ ಆಗಲ್ಲ. 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಅದು, ಚುನಾವಣೆಗೆ ಸಂಬಂಧಿಸಿದ್ದು, ಆದ್ರೆ ಎಲ್ಲ ಸರ್ಕಾರಿ ಆದೇಶಕ್ಕೂ ಅದನ್ನ ಎತ್ತಿ ಹೇಳ್ತಾರೆ. ಹಂಗಾಗಿ ಆ ಒಂದೇ ಸಾಲಿನ ಕಾಗದ ನಿಮ್ಮ ವಿರುದ್ಧ ಇದ್ದಂಗೆ ಕಂಡ್ರೂ ವಕೀಲರ ಕೈಲಿ ಅದು ನಿಮ್ಮ ಪರವೇ, ಹರಿದು ಬಿಸಾಕ್ಬೇಡಿ.

ಇನ್ನು ಆ ಪೊಲೀಸ್ ರಿಪೋರ್ಟ್ ಪ್ರತಿ ತರಿಸ್ಬೇಕು. ಒಳಗಿರೋರು ಸೂಪರಿಂಟೆಂಡೆಂಟ್‌ಗೆ ಬರೆದು ಕೇಳ್ಲಿ, ಹೊರಗಿಂದ ನೀವು ‘ಮಾಹಿತಿ ಅಧಿಕಾರ’ದಲ್ಲಿ ಅಂದ್ರೆ ಆರ್‌ಟಿಐ ಹಾಕಿ. 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದ್ರೆ ಆಯ್ತು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ನಿಯಮ ಇದೆ, ಹಂಗಾಗಿ ಕಷ್ಟ ಸುಖ ಬರೆಯೋಕೆ ಹೋಗ್ಬೇಡಿ, ‘ಇಂಥ ತಾರೀಖಿನ ಆದೇಶಕ್ಕೆ ಆಧಾರವಾದ ಪೊಲೀಸ್ ಅಹವಾಲು ಮತ್ತು ಅದಕ್ಕೆ ಲಗತ್ತಾದ ಹೇಳಿಕೆಗಳ ಪ್ರತಿ’ ಅಂತಷ್ಟೇ ಕೇಳಿ, ಜೊತೆಗೆ ಒಳಗಿರೋರ ಒಪ್ಪಿಗೆ ಪತ್ರ ಇಡಿ, ಇಲ್ಲಾಂದ್ರೆ ಬೇರೆಯವರ ಖಾಸಗಿ ಮಾಹಿತಿ ಅಂತ ವಾಪಸ್ ಕಳಿಸ್ತಾರೆ. ಉತ್ತರಕ್ಕೆ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ವಿಷಯ ಆದ್ರೆ 48 ಗಂಟೆ ಅಂತ ಕಾನೂನಲ್ಲೇ ಇದೆ, ಅದನ್ನ ಮೇಲೇ ದೊಡ್ಡದಾಗಿ ಬರೀರಿ.

ಕಾಕು ವಿಷಯದಲ್ಲಿ ಆ ರಿಪೋರ್ಟ್ ಬಂದ ದಿನ ನಾನು ಎರಡು ಸಲ ಓದಿದೆ. ಪೊಲೀಸರು ಹೋಗಿದ್ದು ಪುಣೆಯ ಹಳೇ ಖೋಲಿಗೆ. ಅಲ್ಲಿ ಈಗ ಬೇರೆ ಯಾರೋ ಇದ್ದಾರೆ, ಅವರು ‘ಇಂಥವರು ನಮಗೆ ಗೊತ್ತಿಲ್ಲ, ಇಟ್ಕೊಳ್ಳಲ್ಲ’ ಅಂದಿದ್ದಾರೆ, ನಿಜವನ್ನೇ ಹೇಳಿದ್ದಾರೆ ಪಾಪ. ಅದನ್ನೇ ‘ಪ್ರತಿಕೂಲ’ ಅಂತ ಬರೆದು ಕಳಿಸಿದ್ದಾರೆ. ಅರ್ಜೀಲಿ ಇಂಡಿ ತಾಲೂಕಿನ ಊರಿನ ವಿಳಾಸ ಎರಡು ಕಡೆ ಇತ್ತು, ಆ ಊರಿಗೆ ಒಬ್ಬ ಪೊಲೀಸೂ ಹೋಗಿರಲಿಲ್ಲ. ಕಾಕುಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, “ಅಂದ್ರ ನಮ್ಮ ಮನೀಗೆ ಯಾರೂ ಬಂದೇ ಇಲ್ಲನು?” ಅಂದ್ರು. ಐದು ತಿಂಗಳು ಆಗಿತ್ತು ಆಗ.

ಮುಂದಿನದು ಅಪೀಲು. ಡಿಐಜಿ ಆದೇಶ ಆದ್ರೆ ಜೈಲು ಇಲಾಖೆಯ ಮೇಲಧಿಕಾರಿಗೆ, ವಿಭಾಗೀಯ ಆಯುಕ್ತರದ್ದಾದ್ರೆ ರಾಜ್ಯದ ಗೃಹ ಇಲಾಖೆಗೆ. ಅಲ್ಲೂ ಆಗಲಿಲ್ಲ ಅಥವಾ ಉತ್ತರಾನೇ ಇಲ್ಲ ಅಂದ್ರೆ ಸಂವಿಧಾನದ 226ನೇ ವಿಧಿ ಕೆಳಗೆ ಹೈಕೋರ್ಟಲ್ಲಿ ಕ್ರಿಮಿನಲ್ ರಿಟ್ ಅರ್ಜಿ. ಪುಣೆಯೋರಿಗೆ ಮುಂಬೈ ಪೀಠ, ಕೊಲ್ಲಾಪುರ ಸಾಂಗ್ಲಿ ಸೊಲ್ಲಾಪುರದೋರಿಗೆ 2025ರ ಆಗಸ್ಟಿಂದ ಕೊಲ್ಲಾಪುರದಲ್ಲೇ ಸರ್ಕ್ಯೂಟ್ ಬೆಂಚ್ ಶುರುವಾಗಿದೆ, ಗೋವಾದೋರಿಗೆ ಅಲ್ಲೇ ಪೀಠ ಇದೆ. ದುಡ್ಡಿಲ್ಲ ಅಂತ ಕೂರ್ಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡೀಲಿರೋರಿಗೆ ಆದಾಯ ನೋಡದೇ ಉಚಿತ ವಕೀಲರು ಸಿಗ್ಬೇಕು. ಪುಣೇಲಿ ಶಿವಾಜಿನಗರ ಜಿಲ್ಲಾ ಕೋರ್ಟಲ್ಲಿ ಆ ಕಚೇರಿ ಇದೆ, ಫೋನ್ ಮಾಡೋದಾದ್ರೆ 15100. ಒಳಗಿರೋರು ಜೈಲಿನಿಂದಲೇ ಹೈಕೋರ್ಟಿಗೆ ಅರ್ಜಿ ಕಳಿಸ್ಬಹುದು, ಕೋರ್ಟೇ ವಕೀಲರನ್ನ ನೇಮಿಸಿ ಕೇಳಿದ್ದು ಎಷ್ಟೋ ಇದೆ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ಕೈದಿಗೆ, ಓದೋಕೆ ಆಸ್ಟ್ರೇಲಿಯಾಕ್ಕೆ ಹೊರಟ ಮಗನನ್ನ ಬೀಳ್ಕೊಡೋಕೆ ಪೆರೋಲ್ ಕೊಟ್ಟಿತು, ದುಃಖಕ್ಕೆ ಕೊಡೋದಾದ್ರೆ ಸಂತೋಷಕ್ಕೆ ಯಾಕೆ ಕೊಡಬಾರದು ಅಂತ ಕೇಳಿತು. ಓದಿದಾಗ ನಂಗೆ ಗಂಟಲು ಕಟ್ಟಿತ್ತು.

ಮಂಜೂರ್ ಆದ ಮೇಲೂ ಒಂದು ಗಂಡಾಂತರ ಇದೆ, ಜಾಮೀನುದಾರ. ಕೂಲಿ ಮಾಡೋರಿಗೆ ದೊಡ್ಡ ಮೊತ್ತ ಹಾಕಿದ್ರೆ, ಇಲ್ಲ ಇದೇ ಜಿಲ್ಲೆಯ ಜಾಮೀನುದಾರ ಬೇಕು ಅಂದ್ರೆ, ರಜೆ ಕಾಗದದ ಮೇಲೆ ಮಾತ್ರ. ಆಗ 1978ರ ಮೋತಿರಾಮ್ ತೀರ್ಪು ನೆನಪು ಮಾಡ್ಸಿ. ಅದು ಬೇಲ್ ವಿಷಯ, ಒಬ್ಬ ಗೌಂಡಿಗೆ (ಗಾರೆ ಕೆಲಸದವನಿಗೆ) 10,000 ರೂಪಾಯಿ ಜಾಮೀನು ಕೇಳಿ, ಬೇರೆ ಜಿಲ್ಲೆಯ ಅಣ್ಣನ ಜಾಮೀನು ಬೇಡ ಅಂದಿದ್ರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನ ಖಂಡಿಸಿ, ದೂರದ ಊರಲ್ಲಿ ಸಿಕ್ಕಿಬಿದ್ದ ಮಲಯಾಳಿ, ಕನ್ನಡಿಗ, ತಮಿಳ ಏನು ಮಾಡ್ಬೇಕು ಅಂತ ಕೇಳಿದ್ರು. ನಮ್ಮ ಹೆಸರೇ ಇದೆ ಅದರಲ್ಲಿ. ಮೊತ್ತ ಇಳಿಸಿ, ಊರಿನ ಜಾಮೀನು ಒಪ್ಪಿ ಅಂತ ಬರೆದು ಕೇಳಿ, ಅದಕ್ಕೂ ಪೋಚ್ ತಗೊಳ್ಳಿ.

ಕಾಕು ಮಗನ ಅರ್ಜಿ ಉಚಿತ ವಕೀಲರ ಮೂಲಕ ಮೇಲೆ ಹೋಯ್ತು, ಹೊಸದಾಗಿ ವಿಚಾರಿಸಿ ಅಂತ ಆದೇಶ ಆಯ್ತು, ಈ ಸಲ ಪೊಲೀಸರು ಊರಿಗೇ ಹೋದ್ರು, ರಜೆ ಸಿಕ್ತು. ಹೋಗುವಾಗ ಅವನಿಗೆ ನಾನು ಹೇಳಿದ್ದು ಒಂದೇ: ಠಾಣೇಲಿ ಹಾಜರಿ ಹಾಕೋ ದಿನ ತಪ್ಪಿಸ್ಬೇಡ, ವಾಪಸ್ ಬರೋ ತಾರೀಖು ದಾಟಿದ್ರೆ ಹೊಸ ಕೇಸು, ಮುಂದಿನ ರಜೆಯೂ ಹೋಯ್ತು, ವಿಸ್ತರಣೆ ಕೇಳಿ ಉತ್ತರ ಬರದಿದ್ರೂ ಹೇಳಿದ ದಿನಕ್ಕೆ ಗೇಟಿಗೆ ಬಾ. ಅವನು ಒಂದು ದಿನ ಮುಂಚೇನೇ ಪುಣೆಗೆ ಬಂದಿಳಿದ. ಇಂಡಿಯಿಂದ ಬಂದ ಬಸ್ ಟಿಕೆಟು, ಅಪ್ಪನ ಆಸ್ಪತ್ರೆ ಚೀಟಿ, ಠಾಣೆಯ ಹಾಜರಿ ಕಾಗದ ಮೂರನ್ನೂ ಕಾಕು ಅದೇ ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದ್ದಾರೆ.